ಹಳ್ಳದಾಚೆಯ ಹೊಲಕ್ಕೆ ಎರಡು ಗಾಡಿ

ಮಾವನವರು ಬಿಟ್ಟುಹೋದ ಜೀಪು ಹೋದ ವರ್ಷ ಮಳೆಗಾಲ ಶುರುವಾಗುತ್ತಲೇ ಕೈಕೊಟ್ಟಿತು. ಬೇರೆ ಗಾಡಿಗೆ ಹಗ್ಗ ಕಟ್ಟಿ, ಚಿಕ್ಕೋಡಿ ದಾಟಿಸಿ, ನಿಪ್ಪಾಣಿಯ ಮಿಸ್ತ್ರಿಯ ಗ್ಯಾರೇಜಿಗೆ ಮುಟ್ಟಿಸಿದೆ. ಮಾವನ ಕಾಲದಿಂದಲೂ ಆ ಜೀಪಿನ ನಾಡಿ ಹಿಡಿದು ನೋಡಿದವರು ಅವರೊಬ್ಬರೇ. ಅವರು ಬಾನೆಟ್ ಎತ್ತಿ ನೋಡಿದರು, ಕೆಳಗೆ ಮಲಗಿ ನೋಡಿದರು. ಎದ್ದು ಕೈ ಒರೆಸಿಕೊಳ್ಳುತ್ತ, ಅತ್ತಿಗೆಯನ್ನು ಕರೆಯುವ ಹಾಗೆ ಅಂದರು, “ವೈನಿ, ಚಾಸಿ ಪೂರಾ ಜಂಗ್ ತಿಂದೈತಿ, ಮುಟ್ಟಿದ್ರ ತುಕ್ಕ ಉದರತೈತಿ. ಇನ್ನ ಇದನ್ನ ಹಳ್ಳಕ್ಕ ಇಳಸಬ್ಯಾಡ್ರಿ.”

ಹಳ್ಳಕ್ಕೆ ಇಳಿಸದೆ ನಮಗೆ ಬೇರೆ ದಾರಿಯಿಲ್ಲ. ನಮ್ಮ ಮನೆ ಶೇಡಬಾಳದಲ್ಲಿ, ದ್ರಾಕ್ಷಿ ಹೊಲ ಅಥಣಿಯ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದು ಹರದಾರಿ ಬರೀ ಎರೆಮಣ್ಣಿನ ದಾರಿ, ನಡುವೆ ಸೇತುವೆ ಇಲ್ಲದ ಹಳ್ಳ. ಬೇಸಿಗೆಯಲ್ಲಿ ಸೈಕಲ್ಲೂ ಹೋಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೆ ಉಂಡೆಗಟ್ಟಿ ಗಾಲಿ ಯಾವುದು, ಮಣ್ಣು ಯಾವುದು ತಿಳಿಯುವುದಿಲ್ಲ. ನನ್ನ ಗಂಡ ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅವರಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಹೊಲ ನೋಡಿಕೊಳ್ಳುವವಳು ನಾನು.

ನನಗೆ ಜೀಪು ಕಲಿಸಿದ್ದು ಮಾವನವರು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಪಕ್ಕಕ್ಕೆ ಕೂತು ಕಲಿಸಿದರು. ಸೊಸೆಗೆ ಸ್ಟೇರಿಂಗ್ ಕೊಟ್ಟಿದ್ದನ್ನು ನೋಡಲು ಜನ ಬದುವಿನ ಮೇಲೆ ನಿಂತಿದ್ದರು. “ನೀ ಗೇರ್ ಬದಲಸು. ಅವರ ಕಡೆ ನೋಡಬ್ಯಾಡ,” ಅಂದಿದ್ದರು. ಆ ಮಾತು ನನಗೆ ಗಾಡಿಯ ಹೊರಗೂ ಬಹಳ ಸಲ ಉಪಯೋಗಕ್ಕೆ ಬಂದಿದೆ.

ಹೊಸ ಗಾಡಿ ಯಾವುದು ಅನ್ನುವ ಮಾತು ಮನೆಯಲ್ಲಿ ಎರಡು ತಿಂಗಳು ನಡೆಯಿತು. ಗಂಡ ಎಸ್‌ಯುವಿ ಅಂದರು. ನಾಲ್ಕೂ ಗಾಲಿ ಎಳೆಯುವಂಥದು ತಗೊಂಡರೆ ಹೊಲಕ್ಕೂ ಆಯಿತು, ಊರಿಗೂ ಆಯಿತು ಅನ್ನುವುದು ಅವರ ಲೆಕ್ಕ. ನನ್ನ ಮನಸ್ಸು ಪಿಕಪ್ ಮೇಲೆ ಇತ್ತು. ಮುಂದೆ ಒಂದು ಸಾಲು ಸೀಟು, ಹಿಂದೆ ಮಾಲು ಹೇರುವ ತೆರೆದ ಜಾಗ. ಗೊಬ್ಬರ, ಔಷಧದ ಡಬ್ಬಿ, ಡ್ರಿಪ್ಪಿನ ಪೈಪು, ದ್ರಾಕ್ಷಿಯ ಕ್ರೇಟು ಎಲ್ಲಾ ಅದರಲ್ಲೇ ಹೋಗುತ್ತವೆ. ಅದು ಒಕ್ಕಲುತನದ ಗಾಡಿ. ಎಸ್‌ಯುವಿಯಲ್ಲಿ ಕೂತು ಹೊಲಕ್ಕೆ ಹೋದರೆ ಮೆರೆಯಲು ಹೋದಂತೆ ಕಾಣುತ್ತದೆ ಅನ್ನುವ ಅಳುಕೂ ನನ್ನೊಳಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮಿಸ್ತ್ರಿಗೆ ಫೋನ್ ಮಾಡಿ ಕೇಳಿದೆ.

“ವೈನಿ, ಗಾಡಿ ಅನ್ನೂದು ಫೋನ್‌ನ್ಯಾಗ ಆರಿಸೂದಲ್ಲ,” ಅಂದರು. “ಕೊಗನೊಳ್ಳ್ಯಾಗ ನಮ್ಮ ತಮ್ಮನ ಪಿಕಪ್ ಐತಿ, ನಾ ತರತೀನಿ. ನೀವೊಂದು ಎಸ್‌ಯುವಿ ತರ್ರಿ. ಮಳಿ ಬಿದ್ದ ಮರುದಿನ ಹಳ್ಳದಾಗ ಎರಡನ್ನೂ ಇಳಸೂಣು.”

ನನ್ನ ಅಣ್ಣ ರಾಯಬಾಗದಲ್ಲಿದ್ದಾನೆ. ಅವನ ಹತ್ತಿರ ಎಸ್‌ಯುವಿ ಇತ್ತು. ಬಸ್ಸಿನಲ್ಲಿ ಹೋಗಿ ಕೇಳಿದೆ. ಮಣ್ಣಿನ ದಾರಿಗೆ ಅಂತ ಹೇಳಿಯೇ ಕೇಳಿದೆ. ಅವನು ಕೀಲಿಕೈ ನನ್ನ ಅಂಗೈಯಲ್ಲಿಟ್ಟು, “ತೊಳದ ತರಬ್ಯಾಡ, ನಾನ ತೊಳಸತೀನಿ,” ಅಂದ. ಆ ದಿನಗಳನ್ನು ನೆನೆದಾಗ ನನಗೆ ಮೊದಲು ಹೊಳೆಯುವುದು ಇದೇ. ಎಷ್ಟು ಜನ ಎಷ್ಟು ಸಲೀಸಾಗಿ ತಮ್ಮದನ್ನು ಬಿಟ್ಟುಕೊಟ್ಟರು!

ಒಂದು ರವಿವಾರ ಮುಂಜಾನೆ ಎರಡೂ ಗಾಡಿ ನಮ್ಮ ಅಂಗಳದಲ್ಲಿ ನಿಂತವು. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. ಅವರನ್ನು ನಾನು ಆಯಿ ಅಂತಲೇ ಕರೆಯುವುದು. ಮೊಣಕಾಲಿನ ಆಪರೇಷನ್ ಆದಮೇಲೆ ಅವರು ಎರಡು ವರ್ಷದಿಂದ ಹೊಲ ನೋಡಿರಲಿಲ್ಲ. ಜೀಪಿನ ಎತ್ತರಕ್ಕೆ ಅವರ ಕಾಲು ಏಳುತ್ತಿರಲಿಲ್ಲ.

“ನಾನೂ ಬರತೀನಿ.”

“ಆಯಿ, ದಾರಿ ಭಾಳ ಕೆಟ್ಟೈತ್ರಿ,” ಅಂದೆ.

“ದಾರಿ ಕೆಟ್ಟಿದ್ದು ನನಗ ಗೊತ್ತಿಲ್ಲೇನ? ಲಗ್ನ ಆಗಿ ಬಂದಾಗಿಂದ ಅದ ದಾರ್‍ಯಾಗ ಬುತ್ತಿ ಹೊತ್ತೀನಿ.”

ಎಸ್‌ಯುವಿಯ ಬಾಗಿಲ ಕೆಳಗೆ ಕಾಲಿಡಲು ಪಟ್ಟಿಯಿತ್ತು. ಅದರ ಮೇಲೆ ಕಾಲಿಟ್ಟು, ಒಳಗಿನ ಹಿಡಿಕೆ ಹಿಡಿದು ಹತ್ತಿ ಕೂತೇಬಿಟ್ಟರು. ನಾನು ಎಸ್‌ಯುವಿ ಹೊಡೆದೆ, ಮಿಸ್ತ್ರಿ ಹಿಂದೆ ಪಿಕಪ್ ತಂದರು.

ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿದಾಗ ಎಸ್‌ಯುವಿ ಒಮ್ಮೆ ಅಡ್ಡಡ್ಡ ಜಾರಿತು. ಮಿಸ್ತ್ರಿ ಮೊದಲೇ ಹೇಳಿಕೊಟ್ಟಿದ್ದಂತೆ ಬ್ರೇಕ್ ಮುಟ್ಟದೆ, ನಾಲ್ಕೂ ಗಾಲಿಯ ಸಣ್ಣ ಗೇರಿಗೆ ಹಾಕಿ ನಿಧಾನಕ್ಕೆ ಬಿಟ್ಟೆ. ಗಾಡಿ ತನ್ನ ದಾರಿ ತಾನೇ ಹುಡುಕಿಕೊಂಡಿತು. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಇಳಿಯಿತು, ಆಚೆ ದಂಡೆಯನ್ನು ಒಂದೇ ಉಸಿರಿಗೆ ಹತ್ತಿತು. ಆಯಿ ಹಿಡಿಕೆ ಬಿಡದೆ, “ಹಳೇ ಜೀಪಿನ್ಯಾಗ ಇಲ್ಲಿ ನನ್ನ ತಲಿ ಮ್ಯಾಲಿನ ಕಬ್ಬಿಣದ ಸರಳಿಗೆ ಬಡೀತಿತ್ತು,” ಅಂದರು, ನಕ್ಕರು.

ಹೊಲದಲ್ಲಿ ಆರು ಮಂದಿ ಹೆಣ್ಣುಮಕ್ಕಳು ದ್ರಾಕ್ಷಿಯ ಬುಡಕ್ಕೆ ತಿಪ್ಪೆಗೊಬ್ಬರ ಕೊಡುತ್ತಿದ್ದರು. ಆಯಿಯನ್ನು ಕಂಡದ್ದೇ ಬುಟ್ಟಿ ಕೆಳಗಿಟ್ಟು ಸುತ್ತ ನೆರೆದರು. ಅವರು ಆಯಿಯ ಜೊತೆ ಮಾತಿಗೆ ಕೂತರು. ನಾನು ಪಿಕಪ್ ಹತ್ತಿ, ಮಿಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮತ್ತೆ ಹಳ್ಳಕ್ಕೆ ಹೊರಟೆ.

ಸ್ಟೇರಿಂಗ್ ಹಿಡಿದ ಕೂಡಲೇ ಇದು ನನ್ನ ಗಾಡಿ ಅನಿಸಿತು. ಆದರೆ ಖಾಲಿ ಪಿಕಪ್ ಗುಂಡಿ ಗುಂಡಿಗೆ ಹಿಂದಿನಿಂದ ಎಗರುತ್ತಿತ್ತು. ಮುಂಜಾನೆ ಎರಡು ಗಾಡಿ ಹತ್ತಿ ದಂಡೆ ನುಣ್ಣಗೆ ಕೆಸರಾಗಿತ್ತು. ಆಚೆ ಹೋಗಿ ತಿರುಗಿ ಬರುವಾಗ ಅದನ್ನು ಅರ್ಧ ಹತ್ತಿದ ಮೇಲೆ ಗಾಲಿಗಳು ನಿಂತಲ್ಲೇ ತಿರುಗಿ ಕೆಸರು ಚಿಮ್ಮಿದವು, ಉದ್ದದ ಬಾಲ ನೆಲಕ್ಕೆ ಗರ್‍ರೆಂದು ತಾಗಿತು. ಎರಡು ಸಲ ಹಿಂದೆ ಸರಿದು ಏರಿಸಿದೆ. ಹತ್ತಲಿಲ್ಲ.

“ಇದರ ತಪ್ಪಿಲ್ಲ ವೈನಿ,” ಅಂದರು ಮಿಸ್ತ್ರಿ. “ಇದು ವಜ್ಜಿ ಹೊರಾಕ ಹುಟ್ಟಿದ್ದು. ಹಿಂದಿನ ಕಮಾನ ಪಟ್ಟಿ ಟನ್‌ಗಟ್ಟಲೆ ಹೊರಾಕಂತ ಮಾಡಿದ್ದು. ಖಾಲಿ ಇದ್ರ ಹಿಂದಿನ ಗಾಲಿಗೆ ನೆಲ ಸಿಗೂದಿಲ್ಲ.”

ನಮ್ಮ ಗದ್ದಲ ಕೇಳಿ ಹೆಣ್ಣುಮಕ್ಕಳು ದಂಡೆಗೆ ಓಡಿಬಂದಿದ್ದರು. ಅವರಲ್ಲಿ ಹಿರಿಯಳೊಬ್ಬಳು, “ವಜ್ಜಿ ಬೇಕಲ್ಲ್ರಿ ಅಕ್ಕಾರ? ನಾವ ಅದೀವಲ್ಲ!” ಅಂತ ಸೀರೆ ಎತ್ತಿ ಕಟ್ಟಿ ಹಿಂದೆ ಹತ್ತಿದಳು. ಉಳಿದ ಐವರೂ ನಗುತ್ತ ಹತ್ತಿ ಗಾಲಿಯ ನೇರಕ್ಕೆ ಒತ್ತಿಕೊಂಡು ಕೂತರು. ಈ ಸಲ ಗೇರ್ ಹಾಕಿದರೆ ಪಿಕಪ್ ಒಮ್ಮೆ ಮುಲುಗಿ, ಮಣ್ಣು ಕಚ್ಚಿ, ಸೀದಾ ಮೇಲೆ ಬಂತು. ಹಿಂದಿನಿಂದ ಎದ್ದ ಕೇಕೆಗೆ ನನಗೂ ಹುರುಪು ಬಂತು. ಭಾರ ಹೊತ್ತಾಗ ಅದರ ನಡಿಗೆಯೇ ಬೇರೆ. ಇದನ್ನೇ ತಗೊಳ್ಳುವುದು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿದೆ.

ಮಧ್ಯಾಹ್ನ ಕಳೆಯುತ್ತಲೇ ಮೋಡ ಮುಚ್ಚಿ ಮಳೆ ಹನಿಯಿತು. ಕೆಲಸ ನಿಲ್ಲಿಸಿದೆವು. ಹೆಣ್ಣುಮಕ್ಕಳು ಬುಟ್ಟಿ ತಲೆಗೆ ಹಾಕಿಕೊಂಡು ಡಾಂಬರು ರಸ್ತೆಗೆ ನಡೆದು ಹೋಗಲು ಸಜ್ಜಾದರು. ಪಿಕಪ್ಪಿನ ಹಿಂದೆ ಕೂತರೆ ತೊಯ್ದು ತೊಪ್ಪೆ. ಆಯಿ ಎಸ್‌ಯುವಿಯ ಬಾಗಿಲು ತೆರೆಸಿ, “ಬರ್ರಿ, ಒಳಗ ಕುಂದರ್ರಿ,” ಅಂದರು.

ಯಾರೂ ಮುಂದೆ ಬರಲಿಲ್ಲ. “ಬ್ಯಾಡ್ರಿ ಆಯಿ, ಕಾಲ ಪೂರಾ ರಾಡಿ ಆಗ್ಯಾವ. ಸೀಟು ಹೊಲಸಾಗ್ತಾವ.”

“ನನ್ನ ಕಾಲೇನ ಹಾಲಿನ್ಯಾಗ ತೊಳದದ್ದೇನ?” ಅಂತ ಆಯಿ ತಮ್ಮ ಪಾದ ತೋರಿಸಿದರು. ಅವೂ ಮಣ್ಣಾಗಿದ್ದವು. “ರಾಡಿ ತೊಳದ್ರ ಹೋಗತೈತಿ. ಹತ್ತ್ರಿ ಮೊದಲ.”

ಆರೂ ಮಂದಿ ಒತ್ತೊತ್ತಾಗಿ ಕೂತರು. ಮಿಸ್ತ್ರಿ ಅವರನ್ನು ಕರೆದುಕೊಂಡು ಮುಂದೆ ಹೋದರು. ನಾನೊಬ್ಬಳೇ ಪಿಕಪ್ ಹೊಡೆದುಕೊಂಡು ಅವರ ಹಿಂದೆ. ಬೆಳಿಗ್ಗೆಯ ಪಾಠ ನೆನಪಿಟ್ಟು ನಾಲ್ಕು ಗೊಬ್ಬರದ ಚೀಲ ಹೇರಿಕೊಂಡಿದ್ದೆ. ಹಳ್ಳವೇನೋ ದಾಟಿತು, ಆದರೆ ದಾರಿಯುದ್ದಕ್ಕೂ ಒಂದೊಂದು ಗುಂಡಿಯೂ ನನ್ನ ಸೊಂಟಕ್ಕೇ ಬಂದು ಬಡಿಯಿತು. ನನಗೆ ಬೆನ್ನುನೋವು ಹಳೆಯದು. ಜೀಪಿನ ಕಾಲದ್ದು. ಅದನ್ನು ನಾನು ನೋವು ಅಂತ ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟಿದ್ದೆ. ಡಾಂಬರು ರಸ್ತೆಗೆ ಬಂದು ಇಳಿದಾಗ ಸೊಂಟಕ್ಕೆ ಎರಡೂ ಕೈ ಕೊಟ್ಟು, ಬಾಗಿಲಿಗೆ ಆನಿಕೊಂಡು ಒಂದು ಗಳಿಗೆ ನಿಂತೆ.

ಆಯಿ ಕಿಟಕಿಯಿಂದ ನೋಡುತ್ತಿದ್ದರು.

ಮನೆಗೆ ಬಂದು ಚಹಾ ಕುಡಿಯುವಾಗ ಗಂಡ ಕೇಳಿದರು, “ಏನಾತು? ಯಾವದು?”

“ಪಿಕಪ್,” ಅಂದೆ. ಮಾಲು, ಗೊಬ್ಬರ, ಕ್ರೇಟು ಎಲ್ಲ ವಿವರಿಸಿದೆ.

ಮಿಸ್ತ್ರಿ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, “ಒಂದ ಮಾತ ಕೇಳತೀನ್ರಿ ವೈನಿ,” ಅಂದರು. “ವರ್ಷದಾಗ ಎಷ್ಟ ದಿನ ಮಾಲ ಹೇರತೀರಿ?”

ಯೋಚಿಸಿ ನೋಡಿದೆ. ದ್ರಾಕ್ಷಿ ಕೊಯ್ಯುವಾಗ ವ್ಯಾಪಾರಿಯ ಟೆಂಪೋನೇ ಹೊಲಕ್ಕೆ ಬರುತ್ತದೆ. ದೊಡ್ಡ ಗೊಬ್ಬರಕ್ಕೆ ಟ್ರ್ಯಾಕ್ಟರು. ಉಳಿದದ್ದು ಹದಿನೈದು ದಿನವೂ ಆಗುವುದಿಲ್ಲ. ನಾನು ಉತ್ತರ ಕೊಡುವ ಮೊದಲೇ ಆಯಿ ಬಾಯಿ ತೆರೆದರು.

“ಎಲ್ಲಾರೂ ಗಾಡಿ ಏನ ಹೊರಬೇಕು ಅಂತ ಕೇಳಾಕತ್ತೀರಿ. ಹೊಡಿಯಾಕಿ ಬೆನ್ನ ಯಾರರ ಕೇಳೀರೇನ? ಇವತ್ತ ಅಕಿ ಹೆಂಗ ಇಳದಾಳ ನಾ ನೋಡೀನಿ. ಇನ್ನ ಇಪ್ಪತ್ತ ವರ್ಷ ಅಕಿನ ಈ ಹೊಲಕ್ಕ ಹೋಗಬೇಕು. ಅಕಿಗೆ ಸುಖ ಆಗೂ ಗಾಡಿ ತರ್ರಿ.”

“ಆಯಿ, ಎಸ್‌ಯುವಿ ತಗೊಂಡ್ರ ಮಂದಿ ಏನ…” ಅಂತ ಶುರುಮಾಡಿದೆ.

“ಮಂದಿ ಬಂದು ನಿನ್ನ ಸೊಂಟಕ್ಕ ಎಣ್ಣಿ ಹಚ್ಚತಾರೇನ ಬೇ?”

ಗಂಡ ತಲೆ ತಗ್ಗಿಸಿದರು. “ನಾನೂ ಕೇಳಲಿಲ್ಲ. ಅವ್ವಗ ಆಗತೈತಿ ಅಂತಷ್ಟ ಎಸ್‌ಯುವಿ ಅಂದಿದ್ದೆ,” ಅಂದರು. ನಾನು ಕಪ್ಪು ಬಸಿ ಎತ್ತುವ ನೆಪದಲ್ಲಿ ಅಡಿಗೆಮನೆಗೆ ಹೋದೆ. ನಳ ಬಿಟ್ಟು, ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತ ನಿಂತೆ. ಮದುವೆಯಾಗಿ ಬಂದಮೇಲೆ ನನ್ನ ದುಡಿಮೆಯನ್ನು ಹೊಗಳಿದವರು ಬಹಳ. ನನ್ನ ಮೈಯ ನೋವು ನೋಡಿದವರು ಆಯಿ ಒಬ್ಬರೇ.

ದೀಪಾವಳಿಗೆ ಎಸ್‌ಯುವಿ ಬಂತು. ಮಿಸ್ತ್ರಿಯೇ ಜೊತೆಗೆ ಬಂದು, ಕೆಸರಿಗೆ ಆಗುವಂಥ ಟೈರು ಹಾಕಿಸಿದರು, ಸೀಟುಗಳಿಗೆ ತೊಳೆಯಲು ಬರುವ ಹೊದಿಕೆ ಹಾಕಿಸಿದರು. ಈಗ ಆಯಿ ವಾರಕ್ಕೊಮ್ಮೆ ಹೊಲಕ್ಕೆ ಬರುತ್ತಾರೆ. ಮಳೆ ಬಂದರೆ ಹೆಣ್ಣುಮಕ್ಕಳು ಕೇಳದೆಯೇ ಒಳಗೆ ಕೂರುತ್ತಾರೆ. ವರ್ಷದಲ್ಲಿ ಹದಿನೈದು ದಿನ ನಾನು ಮಾಲಿಗೆ ಬಾಡಿಗೆ ಟೆಂಪೋ ಹುಡುಕುತ್ತೇನೆ, ಆಗ ಪಿಕಪ್ ನೆನಪಾಗುತ್ತದೆ. ಸುಳ್ಳು ಹೇಳಲಾರೆ.

ಈ ವರ್ಷ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಹೊಲದಲ್ಲಿ ಪಂಪು ನೋಡಿಕೊಳ್ಳುವ ಮನುಷ್ಯ ಜಾರಿ ಬಿದ್ದು ಕಾಲು ಮುರಿದುಕೊಂಡ. ಹಿಂದಿನ ಸೀಟುಗಳನ್ನು ಮಡಚಿ ಅವನನ್ನು ಉದ್ದಕ್ಕೆ ಮಲಗಿಸಿದೆವು. ಹಳ್ಳದ ನೀರು ಏರುತ್ತಿತ್ತು. ಇನ್ನೊಂದು ತಾಸು ಕಾದಿದ್ದರೆ ದಾಟಲು ಆಗುತ್ತಿರಲಿಲ್ಲ. ಸಣ್ಣ ಗೇರಿನಲ್ಲಿ, ಅವನ ನರಳುವಿಕೆ ಕೇಳುತ್ತ, ಒಂದೊಂದು ಗುಂಡಿಯನ್ನೂ ಸವರಿಕೊಂಡು ಹೋದೆ. ಆಯಿ ಪಕ್ಕದಲ್ಲಿ ಕೂತು ಹಿಂದಕ್ಕೆ ಕೈಚಾಚಿ ಅವನ ಭುಜ ಹಿಡಿದಿದ್ದರು. ಅಥಣಿಯ ಆಸ್ಪತ್ರೆಗೆ ಮುಟ್ಟಿದೆವು. ಡಾಕ್ಟರು ನೋಡಿ, ಎಲುಬು ಕೂಡುತ್ತದೆ, ಹೆದರಬೇಡಿ ಅಂದರು.

ಅವನ ಮನೆಯವರು ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತೆವು. ಮಳೆ ನಿಂತು ಪಡುವಣಕ್ಕೆ ಬಿಸಿಲು ಬಂದಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಉಣ್ಣುವ ರೂಢಿಯಿಲ್ಲ. ಆಯಿ ಡಬ್ಬಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದರು.

“ಉಣ್ಣು, ಹೊತ್ತ ಮುಳುಗಾಕ ಬಂತು,” ಅಂದರು.

ನಾನು ಉಂಡೆ.