ಹಯಾತ್ ಸಾಬರ ಹಳದಿ ಕೆಂಪು

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ದರ್ಜಿ ಹಯಾತ್ ಸಾಬರ ಮನೆಯಿತ್ತು. ಹೊರಗಿನ ಕೋಣೆಯೇ ಅಂಗಡಿ. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ, ನಮ್ಮ ಕನ್ನಡ ಸಂಘಕ್ಕೆ ಮೂವತ್ತು ಬಾವುಟ ಹೊಲಿಸಲು ನಾನು ಅವರಲ್ಲಿಗೆ ಹೋದೆ.

"ಯಾವ ಬಣ್ಣ ಮ್ಯಾಲ, ಯಾವುದು ಕೆಳಗ?" ಎಂದು ಕೇಳಿದರು.

"ಹಳದಿ ಮೇಲೆ, ಕೆಂಪು ಕೆಳಗೆ. ಎರಡೂ ಸಮ."

ಅರವತ್ತರ ದಶಕದಲ್ಲಿ ಈ ಬಾವುಟ ಹುಟ್ಟಿದಾಗ ನಡುವೆ ನಾಡಿನ ನಕ್ಷೆಯೂ ಭತ್ತದ ತೆನೆಯೂ ಇದ್ದವೆಂದು ಹಿರಿಯರಿಂದ ಕೇಳಿದ್ದೆ. ಅದನ್ನೂ ಹೇಳಿದೆ.

"ತೆಗದಿದ್ದು ಚಲೋ ಆತು ಬಿಡ್ರಿ ಮೇಷ್ಟ್ರೇ. ನಕ್ಷೆ ಕತ್ತರಿಸೋದ್ರಾಗ ಬೀದರ್ ಬಿಟ್ಟು ಹೋಗಿದ್ರೆ ಯಾರು ಜವಾಬು ಹೇಳ್ಬೇಕು?"

ಒಳಗಿನಿಂದ ಅವರ ಹೆಂಡತಿ ಮಾಬೂಬೀ, "ಅರಿಶಿನ ಕುಂಕುಮ ಅಂತ ನೆನಪಿಟ್ಕಳ್ರಿ. ತಲಿಕೆಳಗ ಆಗಂಗಿಲ್ಲ" ಎಂದರು.

ಅಲ್ಲಿಂದ ಪ್ರತಿ ವರ್ಷವೂ ನಮ್ಮ ಬಾವುಟಗಳು ಅವರ ಮನೆಯಲ್ಲೇ ಆದವು. ಮಾಬೂಬೀ ಬಟ್ಟೆ ತೊಳೆದು ಇಸ್ತ್ರಿ ಮಾಡಿ ಕೊಡುವರು, ಸಾಬರು ಕತ್ತರಿಸಿ ಹೊಲಿಯುವರು, ಕೊನೆಗೆ ಆಕೆಯೇ ಗಂಜಿ ಹಾಕುವರು. ಗಾಳಿಯಿಲ್ಲದ ದಿನವೂ ಆ ಬಾವುಟ ಜೋಲು ಬೀಳುತ್ತಿರಲಿಲ್ಲ.

೧೯೮೧ರ ಬೇಸಿಗೆಯಲ್ಲಿ ಮಾಬೂಬೀ ತೀರಿಕೊಂಡರು. ಮಕ್ಕಳಿರಲಿಲ್ಲ. ಸಾಬರು ಒಬ್ಬರೇ ಉಂಡು, ಒಬ್ಬರೇ ಹೊಲಿದು, ದಿನಗಟ್ಟಲೆ ಯಾರೊಡನೆಯೂ ಮಾತಿಲ್ಲದೆ ಇರುತ್ತಿದ್ದರು. ಬಾವುಟದ ಕೆಲಸವಿದ್ದಾಗ ಮಾತ್ರ ಸಂಘದ ನಾಲ್ಕು ಜನ ಬಂದು ಕೂತು ಚಹಾ ಕುಡಿಯುತ್ತಿದ್ದರು. ಅದಕ್ಕಾಗಿ ಆ ವರ್ಷ ಸಾಬರು ಆಗಸ್ಟಿನಿಂದಲೇ ಅಕ್ಟೋಬರಿನ ದಾರಿ ನೋಡಿದರು.

ರಾಜ್ಯೋತ್ಸವಕ್ಕೆ ಮೂರು ದಿನವಿರುವಾಗ, ಸಂಘದ ಕಾರ್ಯದರ್ಶಿ ರೇವಣ್ಣನ ಜೊತೆ ಬಾವುಟ ತರಲು ಹೋದೆ. ಅಂಗಳದ ಹಗ್ಗದ ಮೇಲೆ ಮೂವತ್ತೂ ಒಣಗುತ್ತಿದ್ದವು. ಒಂದರಲ್ಲೂ ಹಳದಿ ಹಳದಿಯಾಗಿ ಉಳಿದಿರಲಿಲ್ಲ. ಗಂಜಿಯಲ್ಲಿ ಅದ್ದಿದಾಗ ಕೆಂಪು ಬಿಟ್ಟುಕೊಂಡು ಎಲ್ಲಕ್ಕೂ ಹತ್ತಿತ್ತು.

"ಸಾಬ್ರೇ, ಇದೇನು ಬಾವುಟನೋ, ಹೋಳಿಹುಣ್ಣಿಮಿ ಅಂಗಿನೋ?" ಎಂದ ರೇವಣ್ಣ.

"ಅದೇ ಅಂಗಡಿ ಬಟ್ಟಿ. ಎಂಟು ವರ್ಷ ಒಂದು ಹನಿ ಬಿಟ್ಟಿಲ್ಲ," ಎಂದರು ಸಾಬರು.

"ನಾಳಿದ್ದು ಸಂಜಿ ಒಳಗ ಆಗದಿದ್ರೆ ಬ್ಯಾರೆ ಕಡೆ ತರ್ತೀವಿ. ಮುಂದಕ್ಕೂ ಅಲ್ಲೇ."

ಆಗ ನಲ್ಲಿಯ ಬಳಿ ಕೊಡ ತುಂಬುತ್ತಿದ್ದ ನೆರೆಮನೆಯ ನೀಲಕ್ಕ ಕೇಳಿದಳು: "ಕೆಂಪು ಬಟ್ಟಿ ಉಪ್ಪುನೀರಾಗ ಇಟ್ಟಿದ್ರಿಲ್ಲೋ?"

"ಉಪ್ಪುನೀರಾ?" ಎಂದರು ಸಾಬರು.

"ಮಾಬೂಬಿ ಎರಡು ದಿನ ನೆನಸಿಡ್ತಿದ್ಲು. ಆಮ್ಯಾಲ ನೀರು ತಿಳಿ ಆಗೋಮಟ ಜಾಲಿಸ್ತಿದ್ಲು. ಹರಿಹರದಾಗ ಅವರವ್ವನ ಕೂಡ ಹೊಳ್ಯಾಗ ಒಗ್ಯಾಕ ಹೋಗಿ ಕಲ್ತಿದ್ದಂತೆ. ನಿಮಗ ಗೊತ್ತಿರ್ಲಿಲ್ಲೇನು?"

ಸಾಬರು ಹಗ್ಗದಿಂದ ಒಂದು ಬಾವುಟ ಎಳೆದುಕೊಂಡರು. "ನನ್ನ ಕೈಗೆ ಇಸ್ತ್ರಿ ಆಗಿ ಬರ್ತಿತ್ತು ಮೇಷ್ಟ್ರೇ. ಅದರ ಹಿಂದೆ ಏನೈತೆ ಅಂತ ಕೇಳಲೇ ಇಲ್ಲ," ಎಂದರು.

ಹೊಲಿಗೆಗಳನ್ನೆಲ್ಲ ಬಿಚ್ಚಿ, ಕೆಂಪು ತುಂಡುಗಳನ್ನು ಉಪ್ಪುನೀರಿಗೆ ಹಾಕಿದರು. ನೀಲಕ್ಕ ಜಾಲಿಸುವುದನ್ನು ತೋರಿಸಿಕೊಟ್ಟಳು. ಹೊಸ ಹಳದಿ ಬಟ್ಟೆಯನ್ನು ನಾನು ತಂದುಕೊಟ್ಟೆ. ಮೂರನೆಯ ಸಂಜೆ ರೇವಣ್ಣ ಬಂದಾಗ ಮೂವತ್ತೂ ಮಡಿಚಿ ಸಿದ್ಧವಾಗಿದ್ದವು. ಅವನು ಒಂದನ್ನು ಬಿಡಿಸಿ, ಬೆರಳು ಒದ್ದೆ ಮಾಡಿ ಕೆಂಪನ್ನು ತಿಕ್ಕಿ ನೋಡಿದ. ಬೆರಳಿಗೆ ಬಣ್ಣ ಹತ್ತಲಿಲ್ಲ. "ಮುಂದಿನ ವರ್ಷನೂ ನೀವೇ ಹೊಲೀರಿ ಸಾಬ್ರೇ," ಎಂದ.

ಮರುದಿನ ಧ್ವಜಾರೋಹಣದ ಹೊತ್ತಿಗೆ ಸಣ್ಣಗೆ ಮಳೆ ಹನಿಯಿತು. ಸಾಬರು ಜನರ ಹಿಂದೆ ನಿಂತು ಬಾವುಟಗಳ ಹಳದಿಯನ್ನೇ ನೋಡುತ್ತಿದ್ದರು. ಮಳೆ ನಿಂತ ಮೇಲೆ ನನ್ನ ತೋಳು ಹಿಡಿದು, "ಒಂದೂ ಬಣ್ಣ ಬಿಟ್ಟಿಲ್ಲ. ನಾನು ಬರ್ತೀನಿ ಮೇಷ್ಟ್ರೇ, ಮನ್ಯಾಗ ಆಕಿಗೆ ಹೇಳ್ಬೇಕು," ಎಂದು ಸರಸರನೆ ಹೊರಟರು.

ಹತ್ತು ಹೆಜ್ಜೆ ಹೋದವರು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿರುಗಿ ಬಂದು, ಏನೂ ಆಗದವರಂತೆ ನನ್ನ ಪಕ್ಕದ ಒದ್ದೆ ಬೆಂಚಿನ ಮೇಲೆ ಕೂತರು. ಜನವೆಲ್ಲ ಚದುರಿದರೂ ಅಲ್ಲಿಂದ ಏಳಲಿಲ್ಲ.