ಸಹಿ ನನ್ನದಲ್ಲ

ನಮ್ಮ ವಾರ್ಡಿನಲ್ಲಿ ಪಾಲಿಕೆ ಚುನಾವಣೆ ಎಂದರೆ ಒಂದೇ ಪಕ್ಷ. ಮಿಕ್ಕವರು ನಾಮಪತ್ರ ಹಾಕುವುದಿಲ್ಲ, ಹಾಕಿದವರು ವಾಪಸ್ ತೆಗೆದುಕೊಳ್ಳುತ್ತಾರೆ. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಆ ಪಕ್ಷದವರು ಅವಿರೋಧವಾಗಿ ಗೆದ್ದು ಹಾರ ಹಾಕಿಸಿಕೊಳ್ಳುತ್ತಾರೆ. ಶ್ರೀರಾಂಪುರಕ್ಕೆ ಬಂದ ಮೇಲೆ ನಾನು ವಾರ್ಡಿಗೆಂದು ಓಟು ಹಾಕಿದ್ದೇ ಇಲ್ಲ.

ಈ ಸಲ ನಮ್ಮ ಬೀದಿಯ ಸಿಸ್ಟರ್ ನಿಲ್ಲುತ್ತೇನೆಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ನನ್ನ ಮಕ್ಕಳ ಒಂದೊಂದು ಜ್ವರಕ್ಕೂ ಕರೆದ ತಕ್ಷಣ ಬಂದವರು. ನಾಮಪತ್ರಕ್ಕೆ ಅದೇ ವಾರ್ಡಿನ ಮತದಾರರೊಬ್ಬರು ಸೂಚಕರೆಂದು ಸಹಿ ಹಾಕಬೇಕಂತೆ. ನಾನು ಸೀರೆಗೆ ಫಾಲ್ ಹೊಲಿಯುತ್ತ ಕೂತಿದ್ದಾಗ ನಾಮಪತ್ರ ಹಿಡಿದು ಬಂದರು.

"ಒಬ್ರೇ ನಿಂತು ಒಬ್ರೇ ಗೆದ್ರೆ ಅದ್ಯಾವ ಎಲೆಕ್ಷನ್ ಕಣಮ್ಮ? ಸೋಲ್ತೀನಿ, ಗೊತ್ತು. ಜನ ಒಂದ್ಸಲ ಬಟನ್ ಆದ್ರೂ ಒತ್ಲಿ," ಎಂದರು.

ಸೂಜಿ ಪಕ್ಕಕ್ಕಿಟ್ಟು ಸಹಿ ಹಾಕಿಬಿಟ್ಟೆ. ಆಗ ಹೆಮ್ಮೆಯೇ ಆಯಿತು. ಓಟು ಗುಟ್ಟು, ಸಹಿ ಗುಟ್ಟಲ್ಲ ಎಂದು ಹೊಳೆದದ್ದು ನನ್ನ ಗಂಡ ಡ್ಯೂಟಿ ಮುಗಿಸಿ ಬಂದಾಗ. ಅವರು ಗುತ್ತಿಗೆ ಮೇಲೆ ಪಾಲಿಕೆಯ ಕಸದ ಗಾಡಿ ಓಡಿಸುತ್ತಾರೆ. ಗುತ್ತಿಗೆ ಪಟ್ಟಿಯಲ್ಲಿ ವರ್ಷ ವರ್ಷ ಯಾರ ಹೆಸರು ಉಳಿಯಬೇಕು ಎನ್ನುವುದು ಪಕ್ಷದ ಮುಖಂಡರ ಮನೆಯಲ್ಲಿ ತೀರ್ಮಾನವಾಗುತ್ತದೆ.

"ಮುಂಚೆ ನನ್ನೊಂದ್ಮಾತು ಕೇಳ್ಬಾರ್ದಿತ್ತಾ?" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅನ್ನ ಕಲಸಿಕೊಂಡು ತಿನ್ನದೆ ಹಾಗೇ ಕೂತಿದ್ದರು.

ಮಾರನೆಯ ಬೆಳಿಗ್ಗೆ ಆ ಮುಖಂಡರೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಫಿಗೆ ಸಕ್ಕರೆ ಬೇಡವೆಂದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದರು.

"ನಾಳೆ ಪರಿಶೀಲನೆ ಅಕ್ಕ. ಸಹಿ ನಿಮ್ದೇನಾ ಅಂತ ಆಫೀಸರ್ ಕೇಳ್ತಾರೆ. ಅಲ್ಲ ಅಂದ್ಬುಡಿ, ಯಾರ್ಗೂ ತೊಂದ್ರೆ ಇಲ್ಲ. ಅಣ್ಣಂಗೆ ಈ ತಿಂಗ್ಳೇ ಅಲ್ವಾ ರಿನ್ಯೂವಲ್ಲು?"

ನನ್ನ ಬಾಯಿ ಎಂಥದೆಂದು ಬೀದಿಗೆಲ್ಲ ಗೊತ್ತು. ಗದರಿಸಿದ್ದರೆ ತಿರುಗಿ ನಿಲ್ಲುತ್ತಿದ್ದೆನೇನೋ. ಅಣ್ಣ ಎಂದವರಿಗೆ ಏನು ಹೇಳುವುದು? ಆ ದಿನವೆಲ್ಲ ಗೇಟಿನ ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದೆ. ಒಂದು ಸೀರೆಗೆ ಫಾಲನ್ನು ಮೇಲಂಚಿಗೆ ಹೊಲಿದುಬಿಟ್ಟು ಬಿಚ್ಚಬೇಕಾಯಿತು.

ಚುನಾವಣಾಧಿಕಾರಿಯ ಕೋಣೆಯಲ್ಲಿ ಸಿಸ್ಟರ್ ನನ್ನನ್ನು ಕಂಡು ನಕ್ಕರು. ಅವರ ಪರವಾಗಿ ಬಂದಿದ್ದೇನೆ ಎಂದುಕೊಂಡಿರಬೇಕು. ಮುಖಂಡರು ಕಿಟಕಿ ಬಳಿ ಫೋನ್ ನೋಡುತ್ತ ನಿಂತಿದ್ದರು.

"ಈ ಸಹಿ ನಿಮ್ಮದೇನಮ್ಮ?" ಎಂದರು ಅಧಿಕಾರಿ.

"ನಂದಲ್ಲ ಸರ್." ಸಿಸ್ಟರ್ ಕಡೆ ನೋಡಲಿಲ್ಲ.

"ಹಾಗಂತ ಬರೆದು ಸಹಿ ಮಾಡಿ."

ಬೇರೆ ಥರ ಸಹಿ ಹಾಕಬೇಕೆಂದು ಮನೆಯಿಂದ ಯೋಚಿಸಿಕೊಂಡೇ ಬಂದಿದ್ದೆ. ಹೆದರಿದ ಕೈಗೆ ಗೊತ್ತಿದ್ದದ್ದು ಒಂದೇ ಸಹಿ. ಕೊನೆಯ ಅಕ್ಷರದ ಬಾಲದ ಸಮೇತ ಅದೇ ಬಂತು. ಅಧಿಕಾರಿ ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಸುಳ್ಳು ಹೇಳಿದ್ದಕ್ಕೆ ಪೊಲೀಸರನ್ನು ಕರೆಸುತ್ತಾರೆ ಎಂದು ನಾನು ಬೆವತುಹೋದೆ. ಅವರು ಒಮ್ಮೆ ಕಿಟಕಿಯತ್ತ ಕಣ್ಣು ಹಾಯಿಸಿ, ನಾಮಪತ್ರದ ಮೇಲೆ 'ತಿರಸ್ಕೃತ' ಎಂದು ಬರೆದರು. ಮತದಾನಕ್ಕೆ ಇನ್ನೂ ದಿನಗಳಿದ್ದವು, ನಮ್ಮ ವಾರ್ಡಿನ ಚುನಾವಣೆ ಮುಗಿದಿತ್ತು.

ಹೊರಗೆ ಬಂದಾಗ ಸಿಸ್ಟರ್ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಬೆವರ್ತಾ ಇದೀಯ ಕಣಮ್ಮ. ಬಿಸಿಲಲ್ಲಿ ನಡೀಬೇಡ, ಹತ್ತು. ಹೆಂಗೂ ಒಂದೇ ಬೀದಿ," ಎಂದರು.

ಮುಖಂಡರು ಮೆಟ್ಟಿಲ ಮೇಲೆ ನಿಂತಿದ್ದರು.

"ನೀವು ಹೋಗಿ ಮೇಡಂ," ಎಂದೆ, ಮೆಟ್ಟಿಲವರೆಗೆ ಕೇಳಿಸುವಷ್ಟು ಜೋರಾಗಿ. ಇಷ್ಟು ವರ್ಷದಲ್ಲಿ ನಾನು ಅವರನ್ನು ಸಿಸ್ಟರ್ ಎಂದಲ್ಲದೆ ಬೇರೇನೂ ಕರೆದಿರಲಿಲ್ಲ.