ಎರಡನೇ ಸಾಲಿನ ಖಾಲಿ ಬಾಜಾ

ಆ ದಿನ ಎದ್ದವಳೇ ಅಂಗಳದ ಶಹಾಬಾದಿ ಕಲ್ಲಿಗೆ ನೀರು ಸುರಿದು ಸಿಮೆಂಟಿನ ಧೂಳು ತೊಳೆದೆ. ಕಾರ್ಖಾನೆಯ ಊರಾದ ನಮ್ಮ ವಾಡಿಯಲ್ಲಿ ಈ ಕೆಲಸ ದಿನಾ ಮಾಡಿದರೂ ದಿನಾ ಬಾಕಿ ಇರುತ್ತದೆ. ಜೋಳದ ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ. ಪುಂಡಿ ಸೊಪ್ಪು ಬಿಡಿಸಿ, ರಾತ್ರಿಯ ಪಲ್ಯಕ್ಕೆ ಇರಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮೇಳದ ಕೆಂಪು ಕೋಟುಗಳಿಗೆ ಉದುರಿದ ಗುಂಡಿ ಹೊಲಿದೆ. ಮಗಳ ನೀಲಿ ಕೋಟಿಗೆ ಇಸ್ತ್ರಿ ಮಾಡಿ, ಕಾಲರಿನ ಒಳಗೆ ಬೆವರಿನ ಕಲೆ ಇದೆಯೇ ಎಂದು ಎರಡು ಸಲ ನೋಡಿದೆ. ಆಮೇಲೆ ತಲೆ ಬಾಚಿಕೊಂಡು, ಮಗಳ ಕಾರ್ಯಕ್ರಮ ನೋಡಲು ನಮ್ಮ ಮನೆಯವರ ಜೊತೆ ಸೇಡಂ ಗಾಡಿ ಹಿಡಿದೆ.

ನಮ್ಮ ಮನೆಯವರದು ಮದುವೆಯ ಬ್ಯಾಂಡು. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮೆರವಣಿಗೆಗಳಲ್ಲಿ ಅವರಿಗೆ ಎಲ್ಲರೂ ಮಾಸ್ತರ್ ಅಂತಾರೆ. ಮಗಳು ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಬೆಳಗಿನ ಗಾಡಿಗೆ ಹೋಗಿ ಸಂಜೆ ಬರುತ್ತಾಳೆ. ಅಲ್ಲಿಯ ಸ್ಯಾಕ್ಸೋಫೋನ್ ತಂಡದಲ್ಲಿ ಅವಳಿಗೆ ಎರಡನೇ ಸಾಲಿನ ಕೊನೆಯ ಜಾಗ ಸಿಕ್ಕಿದ್ದು ನಮ್ಮ ಮನೆಗೆ ದೊಡ್ಡ ಸುದ್ದಿ. ಬೀದಿಯಲ್ಲಿ ಊದುವವನ ಮಗಳು ವೇದಿಕೆಯ ಮೇಲೆ ಊದುತ್ತಾಳೆ ಎಂದು ಇವರು ಕಂಡವರಿಗೆಲ್ಲ ಹೇಳಿದ್ದರು.

ತಂಡದ ಡೈರೆಕ್ಟರ್ ಚಿಂಚೋಳಿ ಕಡೆಯವರು. ತಪ್ಪಿದವರನ್ನು ಅವರು ಬೈಯುವುದಿಲ್ಲ. ನಗುತ್ತಾರೆ, ಉಳಿದವರನ್ನೂ ನಗಿಸುತ್ತಾರೆ. "ನಿಮ್ಮೂರು ಜಂಕ್ಷನ್ ಅದ, ಆದ್ರೂ ನೀ ಯಾವಾಗ್ಲೂ ಲೇಟ್ ಬರ್ತಿ ನೋಡವ್ವ" ಅಂದಿದ್ದರಂತೆ ಒಮ್ಮೆ. ಮಗಳು ಅದನ್ನು ಊಟದ ಹೊತ್ತಿಗೆ ನಗುತ್ತ ಹೇಳಿದ್ದಳು. ನಾವೂ ನಕ್ಕಿದ್ದೆವು.

ಊದುವವರ ಕೆಳತುಟಿಯ ಒಳಗೆ ಹಲ್ಲು ಒತ್ತಿ ಗಾಯವಾಗುತ್ತದೆ. ಮಗಳು ತಂಡ ಸೇರಿದ ಹೊಸದರಲ್ಲಿ ಪುಂಡಿಯ ಹುಳಿ, ಹಸಿಮೆಣಸಿನಕಾಯಿ ತಾಗಿದರೆ ಕಣ್ಣು ಮುಚ್ಚುತ್ತಿದ್ದಳು. ಅದಕ್ಕೆ ಅವಳಿಗೆಂದೇ ಖಾರ ಹಾಕದ ತೊಗರಿ ಬ್ಯಾಳಿ ಬೇರೆ ಇಡುತ್ತಿದ್ದೆ. ದೀಪಾವಳಿ ಆದ ಮೇಲೆ "ಬ್ಯಾಡ ಯವ್ವಾ, ಈಗ ಉರಿಯಂಗಿಲ್ಲ" ಅಂದಳು. ತುಟಿ ಗಟ್ಟಿಯಾಯಿತು, ಹುಡುಗಿ ಪಳಗಿದಳು, ನನಗೂ ಒಂದು ಪಾತ್ರೆ ತೊಳೆಯುವುದು ಉಳಿಯಿತು ಅಂದುಕೊಂಡೆ. ಮನೆಯ ಸ್ಯಾಕ್ಸೋಫೋನು ಆಗ ಮದುವೆ ಸೀಜನ್ನಿಗೆ ಮೇಳದ ಜೊತೆ ಊರೂರು ತಿರುಗುತ್ತಿತ್ತು. ಹಾಗಾಗಿ ಅವಳು ಮನೆಯಲ್ಲಿ ಊದಿದ್ದನ್ನು ನಾವು ಕೇಳಿರಲಿಲ್ಲ.

ಸೇಡಮಿನ ಕಾಲೇಜು ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅದೇ ಊರಲ್ಲಿರುವ ನನ್ನ ನಾದಿನಿ ಮುಂದೆಯೇ ಕುರ್ಚಿ ಹಿಡಿದಿದ್ದಳು. ತಂಡ ನೀಲಿ ಕೋಟಿನಲ್ಲಿ ಬಂದು ನಿಂತಿತು. ಡೈರೆಕ್ಟರ್ ಕೈ ಎತ್ತಿದರು. ನನಗೆ ಕೊನೆಯ ಕೋಟು ಮಾತ್ರ ಕಾಣುತ್ತಿತ್ತು. ಇಸ್ತ್ರಿಯ ಗೆರೆ ಹಾಗೇ ಇತ್ತು.

"ವೈನಿ, ನಿಮ್ಮ ಮಗಳು ಎಲ್ಲರಕಿಂತ ಚಂದ ಊದ್ಲಾಕತ್ತಾಳ್ರಿ" ಅಂದಳು ನಾದಿನಿ, ಮೊಬೈಲ್ ಎತ್ತಿ ಹಿಡಿದುಕೊಂಡೇ. "ಚಿಂಚೋಳ್ಯಾಗಿನ ನಮ್ಮ ಮಂದಿಗೆಲ್ಲ ಕಳಸ್ತೀನಿ."

ಇವರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಾಗಿ, "ಖಾಲಿ ಅದಾಳ" ಅಂದರು.

"ಯಾರು?"

"ನಿನ್ನ ಮಗಳು. ಎಲ್ಲರ ಹೆಗಲು ನೋಡು. ಉಸಿರು ತೊಗೊಂಡಾಗ ಮ್ಯಾಲೆ ಏಳ್ತಾವ. ಈಕಿದು ಏಳಾಕತ್ತಿಲ್ಲ. ಬರೇ ಬಟ್ಟ ಆಡಸ್ಲಾಕತ್ತಾಳ."

ಖಾಲಿ ಅಂದರೆ ಏನು ಎಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಮದುವೆಯವರು ಕೋಟು ಎಣಿಸುತ್ತಾರೆ, ಸ್ವರ ಎಣಿಸುವುದಿಲ್ಲ. ಸಾಲು ತುಂಬಲಿ ಎಂದು ನಮ್ಮ ಮೇಳದಲ್ಲೂ ಊದಲು ಬಾರದವರಿಗೆ ಕೋಟು ತೊಡಿಸಿ, ಬಾಜಾ ಕೈಗೆ ಕೊಟ್ಟು, ಬಟ್ಟ ಅಂದರೆ ಬೆರಳಷ್ಟೇ ಆಡಿಸು ಎಂದು ನಿಲ್ಲಿಸುವುದುಂಟು. ಅಪ್ಪಿತಪ್ಪಿ ಊದಿಬಿಟ್ಟಾರು ಎಂದು ಬಾಯಿಗಿಡುವ ಕಡೆ ಇರುವ ರೀಡನ್ನು, ಅಂದರೆ ಸದ್ದು ಹೊರಡಿಸುವ ಬೆತ್ತದ ತೆಳು ಪಟ್ಟಿಯನ್ನು, ಇವರು ಮೊದಲೇ ಕಿತ್ತು ಇಟ್ಟುಕೊಳ್ಳುತ್ತಾರೆ. ಅದಿಲ್ಲದಿದ್ದರೆ ಎಷ್ಟು ಊದಿದರೂ ಬರೀ ಗಾಳಿ. ಎಷ್ಟು ಖಾಲಿ ಆಳುಗಳ ಕೋಟಿಗೆ ನಾನೇ ಗುಂಡಿ ಹೊಲಿದಿದ್ದೇನೆ.

ಮಂದಿ ಚಪ್ಪಾಳೆ ತಟ್ಟಿದರು. ನಾದಿನಿ ಎದ್ದು ನಿಂತು ತಟ್ಟಿದಳು. ನಾನೂ ತಟ್ಟಿದೆ, ಸುಮ್ಮನೆ ಕೂತರೆ ಅವಳು ಕೇಳುತ್ತಾಳೆ ಎಂದು.

ಕಾರ್ಯಕ್ರಮ ಮುಗಿದ ಮೇಲೆ ಡೈರೆಕ್ಟರ್ ತಾವಾಗಿಯೇ ಬಂದು ನಮ್ಮ ಮನೆಯವರ ಕಾಲು ಮುಟ್ಟಿದರು. ಹಿಂದೆ ಹುಡುಗರು ಬಾಜಾ ಒರೆಸುತ್ತ ನಿಂತಿದ್ದರು. ಮಗಳೂ ಇದ್ದಳು.

"ನಮ್ಮ ಹುಡುಗಿ ರೀಡ್ ಎಲ್ಲದರಿ?" ಅಂದರು ಇವರು.

ಡೈರೆಕ್ಟರ್ ಕಿಸೆ ಮುಟ್ಟಿಕೊಂಡರು. "ದೀಪಾವಳಿಯಿಂದ ನನ್ನ ಹತ್ರಾನೇ ಅದರಿ. ಆಕಿ ತಾಳಕ್ಕ ಹಿಂದಿಂದ ಬರ್ತಾಳ, ಸಾಲೆಲ್ಲ ಎಳೀತಾಳ. ಹೊರಗ ಹಾಕಿದ್ರ ಒಂದು ಕಡಿ ಬೋಳು ಕಾಣ್ತದ. ಇದು ನಿಮ್ಮ ಹತ್ರಾನೇ ಕಲ್ತಿದ್ದು ಮಾಸ್ತರ್ರೇ."

"ನಮ್ಮ ಹತ್ರ?"

"ನೆನಪಿಲ್ಲೇನ್ರಿ? ಚಿಂಚೋಳ್ಯಾಗ ಮದುವಿ. ನಾ ಹರೇದಾಂವ, ನಿಮ್ಮ ಮೇಳದಾಗ ಇದ್ದೆ, ಮನಿ ಮಂದಿನೆಲ್ಲ ನೋಡ್ಲಾಕ ಕರದಿದ್ದೆ. ಮೆರವಣಿಗಿ ಹೊಂಟಾಗ ರೀಡ್ ಕಿತ್ತು ಕಿಸೇದಾಗ ಹಾಕ್ಕೊಂಡ್ರಿ. 'ನೀ ಬರೇ ಬಟ್ಟ ಆಡಸು' ಅಂದ್ರಿ. ಆ ರೀಡ್ ಇನ್ನೂ ವಾಪಸ್ ಬಂದಿಲ್ರಿ."

ಹುಡುಗರು ನಕ್ಕರು. ಮಗಳೂ ನಕ್ಕಳು, ಎಲ್ಲರೂ ನಕ್ಕಾದ ಮೇಲೆ. ಇವರು ಡೈರೆಕ್ಟರ ಮುಖವನ್ನೇ ನೋಡುತ್ತಿದ್ದರು. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಅದು ಡೈರೆಕ್ಟರಿಗೂ ಗೊತ್ತಾಯಿತು. ನಗು ಒಂದು ಗಳಿಗೆ ನಿಂತು, ಮತ್ತೆ ಬಂತು. ಕಿಸೆಯಿಂದ ಸಣ್ಣ ಡಬ್ಬಿ ತೆಗೆದು ಇವರ ಅಂಗೈಗೆ ಇಟ್ಟರು.

"ಮನಿಗಿ ಒಯ್ರಿ. ನೀವೇ ಕೇಳ್ರಿ. ಸಾಲಿನಾಗ ಊದಬಹುದು ಅನ್ನಿಸ್ತಂದ್ರ ಆಕಿ ಕೈಯಾಗ ಕೊಟ್ಟು ಕಳಸ್ರಿ, ನಾಳಿನ ಘಟಿಕೋತ್ಸವದಾಗ ಊದ್ಲಿ. ನಾ ಒಂದ್ ಮಾತ್ ಆಡಂಗಿಲ್ಲ. ಇಲ್ಲಂದ್ರ ಡಬ್ಬಿ ನನಗ ಕಳಸ್ರಿ. ನಿಮ್ಮ ಮಾತೇ ಕಡೀದು."

ಗಾಡಿಯಲ್ಲಿ ಮಗಳು ಕಿಟಕಿ ಪಕ್ಕ ಕೂತಳು. ಗಾಡಿ ಚಿತ್ತಾಪುರ ದಾಟಿತು. ಆಮೇಲೆ ಇವರೇ, "ಖಾಲಿ ನಿಂದ್ರಲಾಕೂ ಬರಬೇಕು. ಹೆಗಲಾದ್ರೂ ಎತ್ತಬೇಕಲ್ಲ, ನೋಡೋರಿಗಿ ಗೊತ್ತಾಗ್ತದ" ಅಂದರು. ಮಗಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಅವಳ ತುಟಿ ನೋಡಿದೆ. ಒಂದು ಗೀರೂ ಇರಲಿಲ್ಲ.

ವಾಡಿಯಲ್ಲಿ ಇಳಿದು ಮನೆಯ ಕಡೆ ನಡೆವಾಗ ಅವಳನ್ನು ಮುಂದೆ ಬಿಟ್ಟು ಇವರಿಗೆ ಹೇಳಿದೆ. "ಹ್ಯಾಂಗರ ಊದ್ಲಿ, ಹೂಂ ಅಂದ್ಬಿಡ್ರಿ. ಅವರು ನಿಮ್ಮ ಮ್ಯಾಲೇ ಬಿಟ್ಟಾರಲ್ಲ."

"ಅದಕ್ಕೇ ಬಿಟ್ಟಾನ ಅಂವ. ಸ್ವರದಾಗ ನಾ ಸುಳ್ಳು ಹೇಳಂಗಿಲ್ಲ ಅಂತ ಗೊತ್ತದ" ಅಂದರು.

ಇನ್ನೂ ಬೆಳಕಿತ್ತು. ನಾನು ಒಲೆಗೆ ಪುಂಡಿ ಇಟ್ಟೆ, ಪಕ್ಕದಲ್ಲಿ ಖಾರವಿಲ್ಲದ ಬ್ಯಾಳಿಯನ್ನೂ ಇಟ್ಟೆ. ಇವರು ಮೇಳದ ಸ್ಯಾಕ್ಸೋಫೋನು ತಂದು, ರೀಡನ್ನು ನಾಲಿಗೆಯಿಂದ ಒದ್ದೆ ಮಾಡಿ ತಾವೇ ಹಚ್ಚಿ ಅವಳ ಕೈಗೆ ಕೊಟ್ಟರು. ತಾವು ಕ್ಲಾರಿನೆಟ್ ತಗೊಂಡರು. ಅಪ್ಪ ಮಗಳು ಎದುರುಬದುರು ಕಲ್ಲಿನ ಮೇಲೆ ನಿಂತರು.

ಮೊದಲನೇ ಸಲ ಅವಳ ಸ್ವರ ದುಂಡಗೆ ಬಂತು. ನನ್ನ ಜೀವಕ್ಕೆ ಹಾಯೆನಿಸಿತು. ಆದರೆ ಇವರು ಶುರು ಮಾಡಿದ ಮೇಲೆಯೇ ಅವಳು ಶುರು ಮಾಡುತ್ತಿದ್ದಳು. ಇವರ ಬೆರಳು ನೋಡುವುದು, ಆಮೇಲೆ ಊದುವುದು. ಇವರು ಕಾಲಿನಿಂದ ಕಲ್ಲಿಗೆ ತಾಳ ಹಾಕಿದರು. ಕಣ್ಣು ಮುಚ್ಚಿಸಿದರು. ಬೆನ್ನು ತಿರುಗಿಸಿ ನಿಲ್ಲಿಸಿದರು. ಆಗ ಇನ್ನೂ ಹಿಂದೆ ಬಿದ್ದಳು. ಸಾರಿನ ಸೌಟು ಹಿಡಿದ ನನಗೇ ಕೇಳಿಸುತ್ತಿತ್ತು. ಆದರೂ ಅವಳು ಬಿಡಲಿಲ್ಲ, ತಾನೇ "ಇನ್ನೊಮ್ಮೆ ಅಪ್ಪ, ಇನ್ನೊಮ್ಮೆ" ಅನ್ನುತ್ತ ಕತ್ತಲಾಗುವವರೆಗೆ ಊದಿದಳು.

ಇವರು ಕ್ಲಾರಿನೆಟ್ ಕೆಳಗಿಟ್ಟರು. "ನಾ ಆದ್ರೂ ರೀಡ್ ತೆಗೀತಿದ್ದೆ" ಅಂದರು.

"ಮೊದ್ಲು ಇಷ್ಟು ಇರ್ಲಿಲ್ಲಪ್ಪ. ಖಾಲಿ ನಿಂತು ನಿಂತು ಹಿಂಗ ಆಗ್ಯದ."

"ಇರಬಹುದು. ಈಗಂತೂ ಹಿಂದ ಅದ."

"ನಾಳಿ ಹೋಗ್ಲೋ ಬ್ಯಾಡೋ?"

"ಹೋಗು. ಸಾಲು ಮುರೀಬಾರ್ದು."

ಹೀಗೆ ಹೇಳಿ ರೀಡ್ ಬಿಚ್ಚಿದರು. ಅದರ ತುದಿಗೆ ಸ್ವಲ್ಪ ರಕ್ತ ಹತ್ತಿತ್ತು. ಧೋತರದ ಅಂಚಿನಿಂದ ಒರೆಸಿ, ಡಬ್ಬಿಯಲ್ಲಿಟ್ಟು, ಡೈರೆಕ್ಟರಿಗೆ ಕೊಡು ಎಂದು ಅವಳ ಕೈಯಲ್ಲೇ ಕೊಟ್ಟರು. ಅವಳು ಅದನ್ನು ನೀಲಿ ಕೋಟಿನ ಕಿಸೆಗೆ ಹಾಕಿದಳು. ಕೋಟಿನ ತೋಳು ಮುದುಡಿದೆ, ಬೆಳಿಗ್ಗೆ ಇಸ್ತ್ರಿ ಮಾಡು ಅಂದಳು ನನಗೆ. ಹೂಂ ಅಂದೆ.

ರಾತ್ರಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಖಾರವಿಲ್ಲದ ಬ್ಯಾಳಿಯನ್ನು ಅವಳ ಮುಂದೆ ಸರಿಸಿದೆ. ಅವಳು ಅದನ್ನು ಮುಟ್ಟದೆ ಪುಂಡಿಯನ್ನೇ ಹಾಕಿಸಿಕೊಂಡಳು. ಪ್ರತಿ ತುತ್ತಿಗೂ ಕಣ್ಣು ಮುಚ್ಚಿದಳು, ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳದೆ ಎರಡನೇ ರೊಟ್ಟಿ ಕೇಳಿದಳು. ಇವರು ತಲೆ ಎತ್ತಲಿಲ್ಲ. ಬ್ಯಾಳಿ ನಾನು ಉಂಡೆ. ಮೊದಲು ಮಲಗಿದವರು ಇವರು, ಗೋಡೆ ಕಡೆ ಮುಖ ಮಾಡಿ ಮಲಗಿದ ಕೂಡಲೇ ಗೊರಕೆ ಶುರುವಾಯಿತು.